ಮನೆ ಹಾಳು ಮಾಡುವವರು ಯಾರು?

ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಸರ್ಕಾರ ಮನೆ ಕಟ್ಟಿಕೊಟ್ಟರೂ ಮಕ್ಕಳ ಕಾಯಿಲೆ ಯಾಕೆ ನಿಲ್ಲುತ್ತಿಲ್ಲ, ಅವರೇ ಮನೆ ಹಾಳು ಮಾಡುತ್ತಾರಾ ಎಂದು ಕೇಳಿದ್ದೀರಿ. ಅಲ್ಲೂ ಹೀಗೆ ಸುಮ್ನೆ ದೂರುವವರು ಜಾಸ್ತಿ.

1985ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಅನಂಗು ಎಂಬ ಮೂಲನಿವಾಸಿ ಜನರ ಆರೋಗ್ಯ ಸಂಸ್ಥೆಯೇ ಪಾಲ್ ಫೊಲೆರೋಸ್ ಎಂಬ ಆರ್ಕಿಟೆಕ್ಟ್ ಜೊತೆಗೆ ಒಬ್ಬ ಡಾಕ್ಟರನ್ನೂ ಕರೆಸಿ, ಕಾಯಿಲೆ ಬರದಂತೆ ಏನು ಮಾಡಬೇಕು ಎಂದು ಕೇಳಿತು. ಅವರು ಒಂಬತ್ತು ವಿಷಯಗಳ ಪಟ್ಟಿ ಮಾಡಿದರು. ಮೊದಲನೆಯದು ಚಿಕ್ಕ ಮಕ್ಕಳಿಗೆ ದಿನಾ ಸ್ನಾನ. ಟ್ರಕೋಮಾ ಎಂಬ ಕುರುಡು ತರಬಲ್ಲ ಕಣ್ಣಿನ ಸೋಂಕು, ಚರ್ಮದ ಹುಣ್ಣು ತಡೆಯಲು ಅದು ಬೇಕೇ ಬೇಕು. ಆದರೆ ಷವರ್ ಕೆಟ್ಟಿದ್ದರೆ, ಬಿಸಿನೀರು ಬರದಿದ್ದರೆ, ಬಚ್ಚಲ ನೀರು ಹೋಗದಿದ್ದರೆ ತಾಯಿ ಏನು ಮಾಡಬೇಕು?

ಮುಂದೆ ಈ ತಂಡ ಸಾವಿರಾರು ಮನೆ ಪರೀಕ್ಷಿಸಿತು. ಸುಮಾರು 70% ದೋಷಗಳಿಗೆ ಕಾರಣ ನಿರ್ವಹಣೆ ಇಲ್ಲದ್ದು, ಸುಮಾರು 20% ಕಳಪೆ ಕೆಲಸ. ವಾಸಿಸುವವರಿಂದ ಆದದ್ದು 10%ಕ್ಕಿಂತ ಕಡಿಮೆ!

ಇನ್ನೊಂದು ಮಾತು. ಇವರು ಬರೀ ಸಮೀಕ್ಷೆ ಮಾಡಿ ಹೋಗುವವರಲ್ಲ, ಮೊದಲ ದಿನವೇ ರಿಪೇರಿ ಶುರು. ಸ್ಥಳೀಯರಿಗೇ ತರಬೇತಿ, ಕೂಲಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೀಗೆ ದುರಸ್ತಿಯಾದ ಮನೆಗಳವರು ಸೋಂಕು ರೋಗಗಳಿಗೆ ಆಸ್ಪತ್ರೆ ಸೇರುವುದು ಅಲ್ಲಿನ ಗ್ರಾಮೀಣ ಭಾಗದ ಉಳಿದ ಮೂಲನಿವಾಸಿಗಳಿಗಿಂತ 40% ಕಡಿಮೆ ಎಂದು 2010ರ ಸರ್ಕಾರಿ ವರದಿ ಹೇಳುತ್ತದೆ.