ಬೋರ್‌ವೆಲ್ ನೀರು ಉಪ್ಪಾಗಿದೆ. ಬಿತ್ತನೆಯಿಂದಲೇ ಹತ್ತಿ, ಮೆಣಸಿನಕಾಯಿಗೆ ಕೊಡಬಹುದಾ?

ನೀವು ಕೇಳಿದ್ದು: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಎರೆಹೊಲ ಇದೆ. ಕಾಲುವೆ ನೀರು ಕೃಷಿ ಹೊಂಡ ತುಂಬುವಷ್ಟು ಮಾತ್ರ ಸಿಗುತ್ತದೆ. ಬೋರ್‌ವೆಲ್ ನೀರಿನ ಇಸಿ (ಉಪ್ಪಿನಂಶದ ಅಳತೆ) 4 ಬಂದಿದೆ. ಹತ್ತಿ ಹೇಗೂ ಉಪ್ಪು ತಡೆಯುತ್ತದಲ್ಲ, ಎರಡೂ ನೀರು ಬೆರೆಸಿ ಮೊದಲಿನಿಂದಲೇ ಕೊಡಬಹುದಾ?

ನಾನೂ ಸಿಂಧನೂರು ಕಡೆಯವನೇ, ನಿಮ್ಮ ಕಷ್ಟ ನನಗೆ ಹೊಸದಲ್ಲ. ದಯವಿಟ್ಟು ಬೆರೆಸಬೇಡಿ. ಹೊಂಡದ ಸಿಹಿನೀರನ್ನು ಬಿತ್ತನೆಗೆ ಮತ್ತು ಮೊದಲ ಒಂದು, ಒಂದೂವರೆ ತಿಂಗಳಿಗೆ ಎತ್ತಿಡಿ. ಬೋರ್ ನೀರು ಆಮೇಲೆ, ಅದೂ ಹತ್ತಿಗೆ ಮಾತ್ರ.

ಹತ್ತಿ ಉಪ್ಪು ತಡೆಯುತ್ತದೆ ಅನ್ನುವುದು ಸುಳ್ಳಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಕೊಟ್ಟ ಪಟ್ಟಿ ಪ್ರಕಾರ, ಬೇರಿನ ಸುತ್ತಲಿನ ಮಣ್ಣಿನ ಇಸಿ 7.7 ಆಗುವವರೆಗೂ ಹತ್ತಿಯ ಇಳುವರಿ ಇಳಿಯುವುದಿಲ್ಲ. ಆದರೆ ಅದು ಬೆಳೆದು ನಿಂತ ಗಿಡದ ಲೆಕ್ಕ. ಬೀಜ ಬಿದ್ದ ಮೇಲ್ಮಣ್ಣಿನ ಇಸಿ 4 ದಾಟಿದರೆ ಸಾಮಾನ್ಯವಾಗಿ ಯಾವ ಬೆಳೆಯಾದರೂ ಮೊಳಕೆ ತಡವಾಗಬಹುದು, ಬಾರದೆಯೂ ಇರಬಹುದು ಅಂತ ಅದೇ ಸಂಸ್ಥೆ ಹೇಳುತ್ತದೆ. ಈ ಎರಡನೇ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅಂಗಡಿಯಲ್ಲಿ ಕೇಳಿದರೂ "ಹತ್ತಿಗೆ ಏನೂ ಆಗಲ್ಲ" ಅನ್ನುತ್ತಾರೆ ಅಷ್ಟೆ.

ಬೀಜ ಇರುವುದು ಒಂದೆರಡು ಇಂಚು ಆಳದಲ್ಲಿ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೀವು ಕೊಟ್ಟ ನೀರು 4 ಇದ್ದರೂ ಆ ಪದರದಲ್ಲಿ ಅದಕ್ಕಿಂತ ಜಾಸ್ತಿ ಆಗಿರುತ್ತದೆ. ಉಪ್ಪು ಏರಿದಷ್ಟೂ ಬೀಜಕ್ಕೆ ನೀರು ಹೀರುವುದು ಕಷ್ಟ. ಮಣ್ಣು ಕೈಗೆ ಒದ್ದೆ ಹತ್ತುತ್ತದೆ, ಬೀಜ ಮಾತ್ರ ಬಾಯಾರಿ ಕೂತಿರುತ್ತದೆ. ದೊಡ್ಡ ಗಿಡ ಆಳಕ್ಕೆ ಬೇರು ಬಿಟ್ಟು ಕೆಳಗಿನ ತೇವ ಹುಡುಕಿಕೊಳ್ಳುತ್ತದೆ. ಎಳೆ ಸಸಿಗೆ ಆ ದಾರಿ ಇಲ್ಲ.

ಬೆರೆಸಿದರೆ ಏನಾಗುತ್ತದೆ ನೋಡಿ. ಕಾಲುವೆ ನೀರಿನ ಇಸಿ 0.5 ಅಂತ ಇಟ್ಟುಕೊಳ್ಳಿ. ಸಮಸಮ ಬೆರೆಸಿದರೆ 2.25. ಅಷ್ಟು ಉಪ್ಪಿನ ನೀರಲ್ಲಿ ಮೆಣಸಿನಕಾಯಿಯ ಕಾಲು ಭಾಗ ಇಳುವರಿ ಹೋಗುತ್ತದೆ. ಬರೀ ಬೋರ್ ನೀರಾದರೆ ಅರ್ಧವೂ ಉಳಿಯುವುದಿಲ್ಲ. ಅಂದರೆ ಸಿಹಿನೀರೂ ಕೆಟ್ಟಿತು, ಬೆಳೆಯೂ ಸೊರಗಿತು, ಅಲ್ವಾ? ಅದಕ್ಕೇ ಹೊಂಡದ ನೀರಿನಲ್ಲಿ ಕೊನೇವರೆಗೂ ನಿಭಾಯಿಸುವಷ್ಟು ಜಾಗಕ್ಕೆ ಮಾತ್ರ ಮೆಣಸಿನಕಾಯಿ ಹಾಕಿ. ಸಸಿ ಮಡಿಗಂತೂ ಒಂದು ಕೊಡ ಬೋರ್ ನೀರೂ ಬೇಡ. (ಭತ್ತದ ರೀತಿ ಬೇರೆ. ಉಪ್ಪಲ್ಲೂ ಚೆನ್ನಾಗಿ ಮೊಳೆಯುತ್ತದೆ. ಸೋಲುವುದು ಎಳೆ ಸಸಿಯಲ್ಲಿ, ಮತ್ತೆ ಹೂ ಕಟ್ಟುವಾಗ.)

ಹತ್ತಿಗೆ ಹೀಗೆ ಮಾಡಿ. ಬಿತ್ತುವ ಮುಂಚೆ ಸಿಹಿನೀರು ದಂಡಿಯಾಗಿ ಹಾಯಿಸಿ, ಮೇಲಿನ ಉಪ್ಪು ಕೆಳಗಿಳಿಯಲಿ. ಹದ ಬಂದಾಗ ಬಿತ್ತಿ. ಬೀಜ ಸ್ವಲ್ಪ ಜಾಸ್ತಿ ಇರಲಿ. ಬೋದಿನ (ನೀರು ಹಾಯುವ ಸಾಲುಗಳ ನಡುವಿನ ಮಣ್ಣಿನ ಏರಿಯ) ನೆತ್ತಿಯ ಮೇಲಂತೂ ಬಿತ್ತಬೇಡಿ. ಎರಡೂ ಸಾಲಿನ ನೀರು ಮಣ್ಣಲ್ಲಿ ಏರಿ ನೆತ್ತಿಯಲ್ಲೇ ಕೂಡುತ್ತದೆ, ಉಪ್ಪನ್ನೂ ಅಲ್ಲಿಗೇ ಒಯ್ಯುತ್ತದೆ. ಚೌಳು ಹೊಲದಲ್ಲಿ ಬೆಳಗ್ಗೆ ಬೋದಿನ ಮೇಲೆ ಉದ್ದಕ್ಕೂ ಸುಣ್ಣ ಎಳೆದ ಹಾಗೆ ಬಿಳಿ ಗೆರೆ ಕಾಣುತ್ತದಲ್ಲ, ಅದು ಇದೇ. ಆ ಗೆರೆಯ ಮೇಲಿನ ಸಸಿಗಳ ಎಲೆ ಅಂಚು ಕಂದಾಗಿ ಸುಟ್ಟಿರುತ್ತದೆ. ಒಂದು ಗೇಣು ಕೆಳಗೆ, ಬೋದಿನ ಪಕ್ಕದಲ್ಲಿ ಎದ್ದ ಸಸಿ ಹಸಿರಾಗಿರುತ್ತದೆ. ಹಾಗಾಗಿ ಬೋದಿನ ಪಕ್ಕದಲ್ಲಿ ಊರಿ. ಆಮೇಲೆ ಬೀಜ ಇರುವ ಕಡೆಯ ಸಾಲಿಗೆ ಮಾತ್ರ, ಅಂದರೆ ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಿದರೆ ಉಪ್ಪು ಒಣ ಸಾಲಿನ ಕಡೆಗೆ ಸರಿಯುತ್ತದೆ.

ಡ್ರಿಪ್ ಇದ್ದರೆ ಉಪ್ಪು ಒದ್ದೆ ಜಾಗದ ಅಂಚಿಗೆ ಹೋಗಿ ನಿಲ್ಲುತ್ತದೆ. ಸಣ್ಣ ಮಳೆ ಬಂದರೆ ಅದೇ ಉಪ್ಪು ಬೇರಿಗೆ ವಾಪಸ್ ಇಳಿಯುತ್ತದೆ, ಆವಾಗ ಡ್ರಿಪ್ ನಿಲ್ಲಿಸಬೇಡಿ. ಉಪ್ಪುನೀರಿಗೆ ಹಗಲು ಹೊತ್ತಲ್ಲಿ ಸ್ಪ್ರಿಂಕ್ಲರ್ ಬೇಡವೇ ಬೇಡ, ಎಲೆ ಸುಡುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಎರೆಮಣ್ಣಿನ ಬಗ್ಗೆ. ನೀರು ಬಸಿದು ಹೋಗುವ ಹೊಲದಲ್ಲಿ 4ರ ನೀರಿನಿಂದ ಬೇರಿನ ಹತ್ತಿರ ಸುಮಾರು 6 ಬರುತ್ತದೆ, ಬೆಳೆದ ಹತ್ತಿ ತಡೆಯುತ್ತದೆ. ಬಸಿಯದಿದ್ದರೆ ಅದು ವರ್ಷ ವರ್ಷ ಏರುತ್ತಲೇ ಹೋಗುತ್ತದೆ. ನಮ್ಮ ಭಾಗದಲ್ಲಿ ಎಷ್ಟು ಭೂಮಿ ಉಪ್ಪೇರಿ, ನೀರು ನಿಂತು ಸವಳು-ಜವಳಾಗಿದೆ ಅಂತ ನಿಮಗೇ ಗೊತ್ತು. ಬಸಿಗಾಲುವೆ ಇಲ್ಲದಿದ್ದರೆ ಬೋರ್ ನೀರು ಶುರು ಮಾಡುವ ಮುಂಚೆ ಅದನ್ನು ತೆಗೆಸಿ. ಇಸಿ ಒಂದೇ ನೋಡಿದರೆ ಸಾಲದು, ಸೋಡಿಯಂ ಮತ್ತು ಬೈಕಾರ್ಬೊನೇಟ್ ಕೂಡ ಪರೀಕ್ಷೆ ಮಾಡಿಸಿ. ಅವು ಜಾಸ್ತಿ ಇದ್ದರೆ ಜಿಪ್ಸಮ್ ಹಾಕಬೇಕಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಮಣ್ಣು, ಉಪ್ಪುನೀರಿನ ಮೇಲೆಯೇ ಕೆಲಸ ಮಾಡುತ್ತಾರೆ, ರಿಪೋರ್ಟ್ ಹಿಡಿದು ಹೋಗಿ ಮಾತಾಡಿ.

ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ಟ್ರೇಗೆ ನಿಮ್ಮ ಹೊಲದ ಮಣ್ಣು ತುಂಬಿ, ತಲಾ 50 ಹತ್ತಿ ಬೀಜ ಊರಿ. ಒಂದಕ್ಕೆ ಹೊಂಡದ ನೀರು, ಇನ್ನೊಂದಕ್ಕೆ ಬೋರ್ ನೀರು. ಹತ್ತು ದಿನ ಬಿಟ್ಟು ಎಣಿಸಿ, ಎಷ್ಟೆಷ್ಟು ಎದ್ದವು ಅಂತ ಇಲ್ಲೇ ಬರೆಯಿರಿ. ಬೀಜ ಎಷ್ಟು ಜಾಸ್ತಿ ಹಾಕಬೇಕು ಅಂತ ಅದರ ಮೇಲೆ ಹೇಳುತ್ತೇನೆ.