ನಾಮ್ಚೆಯಲ್ಲಿ ಎರಡನೇ ರಾತ್ರಿ ಬೇಕೇ ಬೇಕು

ಪ್ರಶ್ನೆ: ನಾವು ನಾಲ್ವರು ಬೆಂಗಳೂರಿನಿಂದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟಿದ್ದೇವೆ. ರಜೆ ಕಡಿಮೆ. ಎಲ್ಲರೂ ದಿನಾ ಜಿಮ್‌ಗೆ ಹೋಗುವವರು. ನಾಮ್ಚೆ ಬಜಾರ್‌ನಲ್ಲಿ ಎರಡನೇ ರಾತ್ರಿ ತಂಗದೆ ಮುಂದೆ ಹೋಗಬಹುದಾ?

ಬೇಡ. ಸೀಸನ್ ಶುರುವಾದರೆ ಸಾಕು, ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ರಜೆ ಸಾಲದಿದ್ದರೆ ಬೇಸ್ ಕ್ಯಾಂಪನ್ನೇ ಬಿಡಿ. ಆ ರಾತ್ರಿಯನ್ನು ಬಿಡಬೇಡಿ.

ಲೆಕ್ಕ ನೋಡಿ. ಕಠ್ಮಂಡು ಇರುವುದು 1,400 ಮೀಟರ್ ಎತ್ತರದಲ್ಲಿ. ಅಲ್ಲಿಂದ ವಿಮಾನ ಅರ್ಧ ಗಂಟೆಯಲ್ಲಿ ನಿಮ್ಮನ್ನು 2,860 ಮೀಟರ್ ಎತ್ತರದ ಲುಕ್ಲಾದಲ್ಲಿ ಇಳಿಸುತ್ತದೆ. ಮರುದಿನ ಸಂಜೆಗೆ ನಾಮ್ಚೆ, 3,440 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಅಷ್ಟೆ. ಅದಕ್ಕೇ ದೇಹ ಜೋರಾಗಿ ಉಸಿರಾಡುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಮಿದುಳು ಉಸಿರಿಗೆ ಬ್ರೇಕ್ ಹಾಕುತ್ತದೆ. ಈ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ಬ್ರೇಕ್ ಸಡಿಲಿಸಬೇಕಾದದ್ದು ಕಿಡ್ನಿ. ಅದಕ್ಕೆ ದಿನಗಳೇ ಬೇಕು. ಜಿಮ್‌ನಲ್ಲಿ ಬೆಳೆಸಿದ ತೋಳು, ತೊಡೆ ಇಲ್ಲಿ ಏನೂ ಮಾಡಲಾರವು. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿಬಿಡುತ್ತಾರೆ, ಹಾಗಾಗಿ ಎತ್ತರದ ಕಾಯಿಲೆಗೆ ಸಿಕ್ಕಿಬೀಳುವುದೂ ಅವರೇ.

ಎರಡನೇ ದಿನ ರೂಮಿನಲ್ಲಿ ಹೊದ್ದು ಮಲಗಿ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಸ್ಯಾಂಗ್‌ಬೋಚೆ ಕಡೆ ಹತ್ತಿ. 3,880 ಮೀಟರ್‌ನಲ್ಲಿರುವ ಎವರೆಸ್ಟ್ ವ್ಯೂ ಹೋಟೆಲಿನವರೆಗೆ ನಿಧಾನವಾಗಿ ನಡೆದು, ಚಹಾ ಕುಡಿದು, ಇಳಿದು ನಾಮ್ಚೆಯಲ್ಲೇ ಮಲಗಿ. ಮುಂದಕ್ಕೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ. ಡಿಂಗ್‌ಬೋಚೆಯಲ್ಲಿ, ಅಂದರೆ 4,410 ಮೀಟರ್‌ನಲ್ಲಿ, ಇನ್ನೊಂದು ಇಂಥದ್ದೇ ದಿನ ಬೇಕು.

ತಲೆನೋವಿನ ಜೊತೆ ವಾಕರಿಕೆಯೋ ಸುಸ್ತೋ ಇದ್ದರೆ ಅಲ್ಲೇ ನಿಲ್ಲಿ, ಹತ್ತಬೇಡಿ. ಗೆಳೆಯ ತೂರಾಡುತ್ತಿದ್ದಾನೆ ಅನಿಸಿದರೆ ಲಾಡ್ಜಿನ ನೆಲದ ಹಲಗೆಯ ಗೆರೆ ತೋರಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗುವಂತೆ ಅದರ ಮೇಲೆ ನಡೆಸಿ. ಗೆರೆ ತಪ್ಪಿದರೆ ಮಿದುಳು ಊದುತ್ತಿದೆ ಅಂತಲೇ ತಿಳಿಯಿರಿ. ಸುಮ್ನೆ ಕೂತರೂ ಏದುಸಿರು ಬರುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡರಲ್ಲಿ ಯಾವುದೇ ಆದರೂ ಬೆಳಗಾಗಲಿ ಅಂತ ಕಾಯಬೇಡಿ. ಜೊತೆಗೊಬ್ಬರನ್ನು ಕೊಟ್ಟು ಆಗಲೇ ಕೆಳಗಿಳಿಸಿ.

ಪ್ರಶ್ನೆ: ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದಂತೆ, ಹೌದಾ?

ಇಲ್ಲ. ಮೂಗು ತಣ್ಣಗಾಗುತ್ತದೆ, ರಕ್ತಕ್ಕೆ ಏನೂ ಆಗುವುದಿಲ್ಲ. ಅದನ್ನು ಪುಟ್ಟ ಚೀಲಕ್ಕೆ ಹಾಕಿ ‘ಎತ್ತರದ ಕಾಯಿಲೆಗೆ ಮದ್ದು’ ಅಂತ ಮಾರುವವರು ಜನರ ಜೀವದ ಜೊತೆ ಆಟವಾಡುತ್ತಿದ್ದಾರೆ. ಬೆಳ್ಳುಳ್ಳಿ ಸೂಪ್ ಬಿಸಿಯಾಗಿದೆ ಅಂತ ಕುಡಿಯಿರಿ, ಔಷಧಿ ಅಂತಲ್ಲ.

ಪ್ರಶ್ನೆ: ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ರೋಗಲಕ್ಷಣ ಮುಚ್ಚಿಹೋಗುತ್ತದಾ?

ಇಲ್ಲ. ಕಿಡ್ನಿಯ ಅದೇ ಕೆಲಸವನ್ನು ಅದು ಬೇಗ ಮಾಡಿಸುತ್ತದೆ. ತಡೆಗಟ್ಟಲು ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು, ಬೇರೆ ಮಾತ್ರೆ ನುಂಗುವವರು ನಿಮ್ಮ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮಾತ್ರೆ ಇದೆ ಅಂತ ಎರಡನೇ ರಾತ್ರಿ ಬಿಡುವ ಹಾಗಿಲ್ಲ.

ಪ್ರಶ್ನೆ: ನಾಮ್ಚೆಯ ಶನಿವಾರದ ಸಂತೆ ಸಿಗುವ ಹಾಗೆ ದಿನ ಹೊಂದಿಸಬೇಕಾ?

ಹೊಂದಿದರೆ ನೋಡಿ, ಅದಕ್ಕಾಗಿ ಓಡಬೇಡಿ.

ಪ್ರಶ್ನೆ: ನಮ್ಮ ಪೋರ್ಟರ್ ಅಷ್ಟು ಭಾರ ಹೊತ್ತು ಹತ್ತುತ್ತಾನೆ. ಅವನಿಗೆ ಏನೂ ಆಗುವುದಿಲ್ಲ ಅಲ್ವಾ?

ಆಗುತ್ತದೆ. ಪೋರ್ಟರ್‌ಗಳೆಲ್ಲ ಎತ್ತರದಲ್ಲೇ ಹುಟ್ಟಿದ ಶೆರ್ಪಾಗಳಲ್ಲ. ಎಷ್ಟೋ ಜನ ಕೆಳಗಿನ ಕಣಿವೆಗಳಿಂದ ಬಂದವರು, ಅವರ ದೇಹಕ್ಕೂ ನಿಮ್ಮಷ್ಟೇ ಸಮಯ ಬೇಕು. ತಲೆನೋವು ಅಂದರೆ ಕೂಲಿ ಹೋಗುತ್ತದೆ ಅಂತ ಅವರು ಬಾಯಿ ಬಿಡುವುದಿಲ್ಲ. ದಿನಾ ನೀವೇ ಕೇಳಿ. ಕಾಯಿಲೆ ಬಿದ್ದರೆ ದುಡ್ಡು ಕೊಟ್ಟು ಒಬ್ಬನನ್ನೇ ಕೆಳಗೆ ಕಳಿಸಬೇಡಿ. ಅವನ ಭಾಷೆ ಬಲ್ಲ ಇನ್ನೊಬ್ಬರು ಜೊತೆಗೆ ಇಳಿಯಲಿ, ಚಿಕಿತ್ಸೆಯ ಖರ್ಚು ನಿಮ್ಮದಿರಲಿ.