ಅರ್ಗಾದ ನೌಕಾನೆಲೆ ಹತ್ತಿರ ಕೆಲಸ, ಇಬ್ಬರು ಶಾಲೆ ಮಕ್ಕಳು. ಮನೆ ಕಾರವಾರ ಪೇಟೆಯಲ್ಲಾ, ಸದಾಶಿವಗಡದಲ್ಲಾ?
ಪೇಟೆ ಕಡೆಯೇ ನೋಡಿ. ಕಾಜುಬಾಗ, ಹಬ್ಬುವಾಡದ ಸುತ್ತಮುತ್ತ ಸಿಕ್ಕರೆ ಒಳ್ಳೆಯದು. ಶಾಲೆ, ಬಸ್‌ಸ್ಟ್ಯಾಂಡು, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಎಲ್ಲ ಹತ್ತಿರ.

ಸದಾಶಿವಗಡ ಚಂದದ ಊರೇ, ಆದರೆ ಕಾಳಿ ನದಿಯ ಆಚೆ. ಅರ್ಗಾ ಇರೋದು ಪೇಟೆಯ ಈಚೆ, ದಕ್ಷಿಣಕ್ಕೆ. ದಿನಾ ಸೇತುವೆ ದಾಟಬೇಕು. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದದ್ದು ನೆನಪಿದೆ ಅಲ್ವಾ?

ಮನೆಯನ್ನು ಮಾತ್ರ ಬೇಸಿಗೆಯಲ್ಲಿ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆಯಾ, ಕಿಟಕಿ ಸರಳು ತುಕ್ಕು ಹಿಡಿದಿದೆಯಾ ನೋಡಿ. ಕಡಲ ಹತ್ತಿರದ್ದಾದರೆ ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತಾ ಅಂತ ಪಕ್ಕದ ಮನೆಯವರನ್ನು ಕೇಳಿ, ಓನರನ್ನಲ್ಲ. ಕೊಂಕಣಿ ಬರದಿದ್ದರೂ ತೊಂದರೆಯಿಲ್ಲ, ಕನ್ನಡ ಹೆಚ್ಚಿನವರಿಗೆ ಬರುತ್ತೆ. ಮೀನು ಮಾರ್ಕೆಟ್ಟಿನಲ್ಲಿ ಚೌಕಾಶಿಗೆ ಮಾತ್ರ ನಾಲ್ಕು ಮಾತು ಕಲಿತಿರಿ.